ಜೋಯಲ್ ಹೆಸರಿನಲ್ಲಿ ಮಲಗಿದವರು

ಥಾರ್ನ್‌ಲೀ
ಮಂಗಳವಾರ, ಮಾರ್ಚ್ 26, ಬೆಳಿಗ್ಗೆ

ಪ್ರೀತಿಯ ನೆರಿಸ್,

ಜನವರಿಯಿಂದ ನೀನು ಮೂರು ಸಲ ಫೋನ್ ಮಾಡಿದ್ದೀಯ, ನಾನು ಒಂದು ಸಲವೂ ಎತ್ತಿಲ್ಲ. ಮಗು ಹುಟ್ಟಿದ ಮೇಲೆ ಇವಳಿಗೆ ಹಳೆಯ ಗೆಳತಿ ಬೇಡವಾದಳು ಅಂದುಕೊಂಡಿರುತ್ತೀಯ. ಇಲ್ಲವೇ, ರಗ್ಬಿ ಕ್ಲಬ್ಬಿನಲ್ಲಿ ಆಟಗಾರರ ಮೈಕಸುವು ಅಳೆಯುವ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿ, ಅದು ನಿನಗೆ ಸಿಕ್ಕಿದ್ದಕ್ಕೆ ಇವಳ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಅಂದುಕೊಂಡಿರುತ್ತೀಯ. ಎರಡನೆಯದು ಚೂರು ನಿಜ ಕಣೇ. ಆದರೆ ಫೋನ್ ಎತ್ತದೇ ಇದ್ದದ್ದಕ್ಕೆ ಕಾರಣ ಬೇರೆ.

ಸುತ್ತಿ ಬಳಸಿ ಹೇಳುವಷ್ಟು ಹೊತ್ತಿಲ್ಲ. ಶನಿವಾರ ನೀನು ಕಂಪ್ಯೂಟರಿನಲ್ಲಿ ನೋಡಿ ಹೆದರಿದೆಯಲ್ಲ, ಆ ಹೃದಯ ಜೋಯಲ್‌ದಲ್ಲ. ಅದು ಅವನ ಅಪ್ಪನದು, ನನ್ನ ಮಾವನದು.

ಈ ಸಾಲನ್ನು ಎರಡು ಸಲ ಓದಿಕೋ. ಆಮೇಲೆ ಮುಂದಕ್ಕೆ ಬಾ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತುವುದು ಆಫೀಸಿನಲ್ಲಿ, ಎದುರು ಮೇಜಿನಲ್ಲಿ ಕೋಚ್ ರಸ್ ಕೂತಿರುತ್ತಾನೆ. ನಿನ್ನ ಮುಖ ನೋಡಿದರೆ ಸಾಕು ಅವನಿಗೆ ಅರ್ಧ ಗೊತ್ತಾಗುತ್ತದೆ. ಅದೂ ಅಲ್ಲದೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಕಾಗದವಾದರೆ ನೀನು ಇದನ್ನು ಹಾಗೆಯೇ ತೆಗೆದುಕೊಂಡು ಹೋಗಿ ಕ್ಲಬ್ಬಿನ ಡಾಕ್ಟರ ಕೈಗೆ ಕೊಡಬಹುದು. ಕೊಡಬೇಕು. ಅದಕ್ಕೇ ನಿನಗೆ ಗೊತ್ತಿರುವ ಸಂಗತಿಗಳನ್ನೂ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಜೋಯಲ್ ಮಗಳು ಎಡಿಯನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಮಾವನ ತರಕಾರಿ ಮಡಿಗಳ ಕಡೆ ಹೋಗಿದ್ದಾನೆ. ಅವಳಿಗೆ ಹೊದಿಕೆ ಸಾಕಾಗುತ್ತೋ ಇಲ್ಲವೋ ಅಂತ ಒಂದು ಸಲ, ಹೊದಿಕೆ ಮುಖದ ಮೇಲೆ ಬಂದುಬಿಟ್ಟರೆ ಅಂತ ಇನ್ನೊಂದು ಸಲ ಕಿಟಕಿಗೆ ಹೋಗಿ ಬಂದೆ. ಐದು ತಿಂಗಳಿಂದ ನಾನು ಹೀಗೇ ಆಗಿದ್ದೇನೆ. ಮಗು ಅತ್ತರೆ ಯಾಕೆ ಅಳುತ್ತಿದೆ ಅಂತ, ಅಳದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಅಂತ. ಒಂದೇ ಸಮ ಎರಡು ಗಂಟೆ ನಿದ್ದೆ ಮಾಡಿ ಯಾವ ಕಾಲವಾಯಿತೋ. ನಿದ್ದೆಗೆಟ್ಟವಳ ಮಾತು ಅಂತ ಇದನ್ನು ತಳ್ಳಿಹಾಕಬೇಡ, ಅಷ್ಟೇ ಕೇಳಿಕೊಳ್ಳುವುದು.

ಶುರುವಿನಿಂದ ಹೇಳುತ್ತೇನೆ.

ನವೆಂಬರಿನಲ್ಲಿ ನೀನು ಆಟಗಾರರಿಗೆಲ್ಲ ಮಣಿಕಟ್ಟಿನ ಪಟ್ಟಿ ಹಂಚಿದೆ. ಬೆನ್ನಿನ ಮೇಲೆ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿ ಮೊದಲಿಂದಲೂ ಇತ್ತು, ಎಷ್ಟು ಓಡಿದ, ಎಷ್ಟು ಜೋರಾಗಿ ಡಿಕ್ಕಿ ಹೊಡೆದ ಅಂತ ಎಣಿಸುವುದಕ್ಕೆ. ಈ ಪಟ್ಟಿ ಮಾತ್ರ ರಾತ್ರಿಗೆ. ಎಷ್ಟು ಹೊತ್ತು ಮಲಗಿದ, ಎದೆ ಹೇಗೆ ಬಡಿಯಿತು, ಮೈ ಎಷ್ಟು ದಣಿವಾರಿಸಿಕೊಂಡಿತು. ಬೆಳಿಗ್ಗೆ ಫೋನಿಗೆ ಜೋಡಿಸಿದರೆ ಒಂದು ಅಂಕ. ಆ ಅಂಕಕ್ಕೆ ಒಂದು ಬಣ್ಣ. ನೀನು ಅದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರೆ ಈ ಪತ್ರವೇ ಬೇಕಿರಲಿಲ್ಲ. ರಸ್ ಅದನ್ನು ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಗೆ ಅಂಟಿಸಿದ. ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು. ವಾರದಲ್ಲಿ ಎರಡು ಕೆಂಪು ಬಂದರೆ ಮೈಗೆ ಮೈ ತಾಗುವ ಅಭ್ಯಾಸವಿಲ್ಲ. ಅಭ್ಯಾಸವಿಲ್ಲ ಅಂದರೆ ಆ ವಾರ ತಂಡದಲ್ಲಿಲ್ಲ.

ಎಡಿ ಹುಟ್ಟಿದ್ದು ಅಕ್ಟೋಬರ್ ಕೊನೆಯಲ್ಲಿ. ಅವಳಿಗೆ ಹೊಟ್ಟೆನೋವು, ನನಗೆ ಹೊಲಿಗೆ ಇನ್ನೂ ಮಾಗಿರಲಿಲ್ಲ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮಹಡಿ ಮೆಟ್ಟಿಲ ಮೇಲೆ ಕೂತು ರಾತ್ರಿ ಕಳೆದವನು ಜೋಯಲ್. ನೂರಾ ಎಂಟು ಕೇಜಿ ಮನುಷ್ಯ, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ಗೋಡೆಯ ಹಾಗೆ ತಡೆಯುವವನು, ಮನೆಯಲ್ಲಿ ಗುಬ್ಬಿಮರಿ ಹಿಡಿದವನ ಹಾಗೆ ಮಗು ಹಿಡಿಯುತ್ತಿದ್ದ. ಬೆಳಿಗ್ಗೆ ಅವನ ಹೆಸರಿನ ಮುಂದೆ ಕೆಂಪು. ಮರುದಿನವೂ ಕೆಂಪು. ಹುಡುಗರು ಬಿಡುತ್ತಾರಾ? "ಏನಮ್ಮಾ ಬಾಣಂತಿ, ಸ್ನಾನಕ್ಕೆ ಬಿಸಿನೀರು ಕಾಯಿಸ್ಲಾ?" ಅಂತ ಒಬ್ಬ. "ಲೇ, ಅವನಿಗೆ ಚೆಂಡು ಕೊಡಬೇಡ್ರೋ, ತೇಗು ತರ್ಸೋಕೆ ಬೆನ್ನು ತಟ್ತಾನೆ" ಅಂತ ಇನ್ನೊಬ್ಬ. ಅವನು ನಕ್ಕುಕೊಂಡೇ ಮನೆಗೆ ಬಂದು ಹೇಳುತ್ತಿದ್ದ. ಆದರೆ ಅವನ ಒಪ್ಪಂದ ಮುಗಿಯುವುದು ಈ ಸೆಪ್ಟೆಂಬರಿಗೆ. ಮುಂದುವರಿಸುವುದೋ ಬೇಡವೋ ಅಂತ ರಸ್ ಈಸ್ಟರ್ ಹೊತ್ತಿಗೆ ಹೇಳುತ್ತೇನೆ ಅಂದಿದ್ದ. ಮೂವತ್ತೊಂದು ವರ್ಷದ ಮುಂದಿನ ಸಾಲಿನವನನ್ನು ಬೇರೆ ಯಾವ ಕ್ಲಬ್ಬೂ ಕೈಬೀಸಿ ಕರೆಯುವುದಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಪಟ್ಟಿಯನ್ನು ಮಾವನ ಕೈಗೆ ಕಟ್ಟುವ ಯೋಚನೆ ನನ್ನದು. ಜೋಯಲ್ ಯಾರು ಕೇಳಿದರೂ ತನ್ನದೇ ಅನ್ನುತ್ತಾನೆ, ನಂಬಬೇಡ. ಪಟ್ಟಿ ಯಾವ ಅಂಕಕ್ಕೆ ಯಾವ ಬಣ್ಣ ಕೊಡುತ್ತದೆ ಅಂತ ಓದಿ ತಿಳಿದವಳು ಈ ಮನೆಯಲ್ಲಿ ನಾನೊಬ್ಬಳೇ.

ನಿನಗೆ ಡೆರಿಕ್ ಮಾವ ಗೊತ್ತಲ್ಲ. ನಮ್ಮ ಮದುವೆಯಲ್ಲಿ ನಿನ್ನ ಜೊತೆ ಕುಣಿದು ನಿನ್ನ ಕಾಲು ತುಳಿದವರು. ಅತ್ತೆ ಹೋಗಿ ನಾಲ್ಕು ವರ್ಷ, ಎರಡು ಬೀದಿ ಆಚೆ ಒಬ್ಬರೇ ಇದ್ದಾರೆ. ರಾತ್ರಿ ಒಂಬತ್ತಕ್ಕೆ ಮಲಗಿದರೆ ಬೆಳಿಗ್ಗೆ ಆರರವರೆಗೆ ಮನೆ ಕುಸಿದರೂ ಏಳುವವರಲ್ಲ. ಇಪ್ಪತ್ತೆಂಟು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವರು, ಗಣಿಯಿಂದ ಮೇಲೆ ಬಂದು ಮುಖ ತೊಳೆದು ಇದೇ ಕ್ಲಬ್ಬಿಗೆ ಹನ್ನೆರಡು ಚಳಿಗಾಲ ಆಡಿದವರು. ನಾನು ಮೆಲ್ಲಗೆ ವಿಷಯ ತೆಗೆದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಇಷ್ಟೇ ತಾನೆ ಮಗಳೇ? ನಾನು ಗಣೀಲಿ ನಿದ್ದೆ ಮಾಡಿದ್ರೆ ಮನೆಗೆ ಅಟ್ತಿದ್ರು. ಈಗ ನಿದ್ದೆ ಮಾಡ್ದೇ ಇದ್ರೆ ಅಟ್ತಾರಾ? ಕೊಡು ಇಲ್ಲಿ, ಈ ವಯಸ್ಸಲ್ಲಿ ಮತ್ತೆ ತಂಡಕ್ಕೆ ಸೇರ್ದಂಗಾಯ್ತು" ಅಂದರು. ನಿಮ್ಮ ಕಾಲದಲ್ಲಿ ಮೈಯ ಕಸುವು ಹೇಗೆ ಅಳೀತಿದ್ರಿ ಅಂತ ಕೇಳಿದೆ. "ಗುಡ್ಡ ಹತ್ತಿಸ್ತಿದ್ರು. ವಾಂತಿ ಮಾಡ್ಕೊಂಡ್ರೆ ಇನ್ನೊಂದ್ಸಲ ಹತ್ತಿಸ್ತಿದ್ರು. ವಾಂತಿಗೆ ಬಣ್ಣ ಕೊಡ್ತಿರ್ಲಿಲ್ಲ ಅಷ್ಟೇ" ಅಂದರು.

ಜನವರಿ ಎಂಟರಿಂದ ದಿನಚರಿ ಹೀಗೆ: ಸಂಜೆ ಊಟಕ್ಕೆ ಬಂದವರು ಮೊಮ್ಮಗಳ ಕೆನ್ನೆ ಹಿಂಡಿ, ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಹಾಲಿನ ಜೊತೆ ಅದನ್ನೂ ತಂದು ಮೇಜಿನ ಮೇಲಿಡುತ್ತಿದ್ದರು. ನಾನು ಜೋಯಲ್‌ನ ಫೋನಿಗೆ ಜೋಡಿಸುತ್ತಿದ್ದೆ. ಹಸಿರು. ಅದಕ್ಕೇ ನಿನ್ನ ಫೋನ್ ಎತ್ತಲಿಲ್ಲ. ನೀನು ಎಲ್ಲಕ್ಕಿಂತ ಮೊದಲು ಕೇಳುತ್ತಿದ್ದದ್ದು ಮಗು ರಾತ್ರಿ ಮಲಗುತ್ತಾ ಅಂತ. ಅದಕ್ಕೆ ನಾನು ಏನು ಹೇಳಲಿ?

ತಮಾಷೆ ಅಂದರೆ, ಮೂರು ಗಂಟೆ ನಿದ್ದೆಯಲ್ಲಿ ಜೋಯಲ್ ಈ ಋತುವಿನ ತನ್ನ ಅತ್ಯುತ್ತಮ ಆಟ ಆಡಿದ. ರಸ್ ಅದನ್ನೆಲ್ಲ ಹಸಿರು ಬಣ್ಣದ ಖಾತೆಗೆ ಹಾಕಿದ. ಮಾರ್ಚ್ ಎರಡನೆಯ ವಾರದಲ್ಲಿ ಅಂಕ ಇನ್ನೂ ಏರಿತು, ತಂಡದಲ್ಲೇ ಮೊದಲನೆಯ ಸ್ಥಾನ. ರಸ್ ಎಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿ, "ನೋಡ್ರೋ, ಮನೇಲಿ ಎಳೇಕೂಸು ಇಟ್ಕೊಂಡು ಇವ್ನು ಹಿಂಗಿದಾನೆ. ನೀವು ರಾತ್ರಿಯಿಡೀ ಫೋನು ತಿಕ್ಕೊಂಡು ಕೂತಿರ್ತೀರ, ನಾಚ್ಕೆ ಆಗ್ಬೇಕು" ಅಂದನಂತೆ. ಗುಟ್ಟೇನು ಅಂತ ಹುಡುಗರು ಜೋಯಲ್‌ನ ಬೆನ್ನುಬಿದ್ದರು. ಬಾಯಿಗೆ ಬಂದದ್ದು ಹೇಳಿದ, ಹುಳಿ ಚೆರಿ ಹಣ್ಣಿನ ರಸ ಕುಡಿಯುತ್ತೇನೆ ಅಂತ. ಎರಡೇ ದಿನದಲ್ಲಿ ಊರಿನ ಅಂಗಡಿಗಳಲ್ಲಿ ಚೆರಿ ರಸ ಖಾಲಿ. ನೀನೂ ಅದರ ಬಗ್ಗೆ ಒಂದು ಟಿಪ್ಪಣಿ ಬರೆದೆಯಂತೆ. ಜೋಯಲ್ ಹೇಳಿದಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿಗೂ ಸೇರಿಸಿ ಕ್ಷಮೆ ಕೇಳುತ್ತಿದ್ದೇನೆ.

ಮಾವನಿಗೆ ಏನೋ ಆಗಿದೆ ಅಂತ ಶನಿವಾರದವರೆಗೂ ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಶನಿವಾರ ನೀನು ಜೋಯಲ್‌ನನ್ನು ಒಳಗೆ ಕರೆದೆ. ಅಂಕ ಇಷ್ಟು ಚೆನ್ನಾಗಿರಬಾರದು ಅಂತ ನಿನಗೆ ಅನ್ನಿಸಿ, ಅಂಕದ ಹಿಂದಿನ ಬಡಿತಗಳನ್ನೇ ಒಂದೊಂದಾಗಿ ತೆಗೆದು ನೋಡಿದ್ದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಚೂರು ಚೂರು ಬದಲಾಗುತ್ತಿದ್ದರೆ ಮೈ ವಿಶ್ರಾಂತಿಯಲ್ಲಿದೆ ಅಂತ ಪಟ್ಟಿ ತಿಳಿಯುತ್ತದೆ, ಅಂಕ ಕೊಡುತ್ತದೆ. ಲಯವೇ ಕೆಟ್ಟು ಅಂತರ ಚೆಲ್ಲಾಪಿಲ್ಲಿಯಾದರೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಇನ್ನೂ ಹೆಚ್ಚು ಅಂಕ ಕೊಡುತ್ತದೆ. ರೋಗವನ್ನೇ ಆರೋಗ್ಯ ಅಂತ ಗೋಡೆಗೆ ಅಂಟಿಸಿದ್ದರು. ಅದನ್ನು ಕಂಡುಹಿಡಿದವಳು ನೀನು. ನಾನು ನಿನ್ನ ಕುರ್ಚಿಯಲ್ಲಿ ಕೂತಿದ್ದರೆ ಕಂಡುಹಿಡಿಯುತ್ತಿದ್ದೆನೋ ಇಲ್ಲವೋ.

ಆಗ ತೆಗೆದ ಇಸಿಜಿ ಸರಿಯಾಗಿಯೇ ಬಂತು. ಬರದೇ ಏನು, ಅದು ಜೋಯಲ್‌ನ ಎದೆ. ಇದು ಬಂದು ಹೋಗುವ ಕಾಯಿಲೆ, ಬುಧವಾರ ದೊಡ್ಡ ಆಸ್ಪತ್ರೆಯ ಸ್ಕ್ಯಾನ್ ಆಗುವವರೆಗೆ ಇವನು ಮೈದಾನಕ್ಕೆ ಇಳಿಯುವ ಹಾಗಿಲ್ಲ ಅಂತ ಡಾಕ್ಟರು ಅಂದರು. ಶುಕ್ರವಾರ ಪಕ್ಕದ ಊರಿನ ಮೇಲೆ ಗುಡ್ ಫ್ರೈಡೆ ಪಂದ್ಯ, ವರ್ಷಕ್ಕೆ ಒಂದೇ ಪಂದ್ಯ ನೋಡುವವರೂ ನೋಡುವ ಪಂದ್ಯ. ರಸ್ ಕೂಗಾಡಿದ್ದು ಹೊರಗಿನ ಗೇಟಿಗೂ ಕೇಳಿಸಿತಂತೆ. ಯಂತ್ರ ಕೆಟ್ಟಿದೆ ಅಂದ. ನೀನು, ಯಂತ್ರ ಸುಳ್ಳು ಹೇಳ್ತಿಲ್ಲ, ಬೇಕಾದ್ರೆ ನನ್ನ ಕೆಲಸ ಪಣಕ್ಕಿಡ್ತೀನಿ ಅಂದೆ. ಅದಕ್ಕವನು, "ಸರಿ ಹಂಗಾದ್ರೆ. ಬುಧವಾರ ಅವನ ಎದೆ ಸರಿಯಾಗಿದೆ ಅಂತ ಬಂದ್ರೆ ಆ ಲ್ಯಾಪ್‌ಟಾಪ್ ಮಡಚ್ಕೊಂಡು ನಿಮ್ಮೂರು ವೇಲ್ಸ್‌ನ ರೈಲು ಹತ್ತು" ಅಂದನಂತೆ. ಜೋಯಲ್ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ನೀನು ಹೇಳಿದ್ದು ಸರಿ ನೆರಿಸ್. ಯಂತ್ರ ಸುಳ್ಳು ಹೇಳಲಿಲ್ಲ. ಹೇಳಿದವರು ನಾವು.

ಶನಿವಾರ ಮಧ್ಯಾಹ್ನ ಮೂವರೂ ಅಡಿಗೆಮನೆಯಲ್ಲಿ ಕೂತೆವು. ಜೋಯಲ್ ನಡೆದದ್ದು ಹೇಳಿ ಮುಗಿಸಿದ. ಯಾರ ಎದೆ ಅಂತ ಮೂವರಿಗೂ ಗೊತ್ತಾಗಿತ್ತು. ಮಾವನೇ ಮೊದಲು ನಕ್ಕರು. "ಹನ್ನೆರಡು ವರ್ಷ ಆಡ್ದಾಗ ಒಬ್ನೂ ನನ್ನ ಮೊದಲ್ನೇ ದರ್ಜೆ ಅನ್ಲಿಲ್ಲ. ಈಗ ನೋಡು, ನಿದ್ದೇಲೇ ಮೊದಲ್ನೇವ್ನಾಗಿದೀನಿ" ಅಂದರು. ನಾನು ಈಗಲೇ ಆಸ್ಪತ್ರೆಗೆ ಹೋಗೋಣ ಅಂತ ಎದ್ದೆ. ಅವರು ಕೈ ಅಡ್ಡ ಹಿಡಿದರು. "ಕೂತ್ಕೋ ಮಗಳೇ. ನಾನು ಇವತ್ತು ಅಲ್ಲಿಗೆ ಹೋದ್ರೆ ಏನು ಹೇಳ್ತೀಯ? ನಿಮ್ಗೆ ಹೆಂಗೆ ಗೊತ್ತಾಯ್ತು ಅಂತ ಕೇಳಿದ್ರೆ ಈ ಪಟ್ಟಿ ತೋರಿಸ್ತೀಯಾ? ಸಣ್ಣ ಊರು ಇದು. ನಾನು ಮನೆ ಮುಟ್ಟೋಕೆ ಮುಂಚೆ ರಸ್‌ಗೆ ಸುದ್ದಿ ಮುಟ್ಟಿರತ್ತೆ. ಇವ್ನು ಸಹಿ ಹಾಕ್ಲಿ, ಆಮೇಲೆ ನನ್ನ ಎಲ್ಲಿಗೆ ಬೇಕಾದ್ರೂ ಹೊತ್ಕೊಂಡೋಗಿ" ಅಂದರು.

ಅವರಿಬ್ಬರ ಲೆಕ್ಕ ಸರಳವಾಗಿತ್ತು. ಬುಧವಾರ ಜೋಯಲ್‌ನ ಸ್ಕ್ಯಾನ್ ಸರಿಯಾಗಿರುತ್ತದೆ. ತಪ್ಪು ಯಂತ್ರದ ತಲೆಗೆ ಹೋಗುತ್ತದೆ. ಶುಕ್ರವಾರ ಆಡುತ್ತಾನೆ, ಈಸ್ಟರ್ ಕಳೆದ ಮೇಲೆ ಸಹಿ, ಅದರ ಮರುದಿನ ಮಾವ ಡಾಕ್ಟರ ಹತ್ತಿರ. ಈ ಲೆಕ್ಕದಲ್ಲಿ ನಿನ್ನ ಹೆಸರು ಎಲ್ಲೂ ಇರಲಿಲ್ಲ. ನಾನೂ ಆ ದಿನ ಎತ್ತಲಿಲ್ಲ, ಸುಮ್ಮನಿದ್ದೆ. ಮಾತು ಕೊಟ್ಟೆ ಅಂತಲೇ ಅವರು ತಿಳಿದುಕೊಂಡರು.

ಭಾನುವಾರ ಮಾವ ಎಡಿಯನ್ನು ಎತ್ತಿಕೊಂಡು ಮಹಡಿ ಹತ್ತುತ್ತಿದ್ದರು. ಆರನೆಯ ಮೆಟ್ಟಿಲಲ್ಲಿ ನಿಂತರು. ನಾನು ಕೆಳಗೆ ಬಟ್ಟೆ ಮಡಚುತ್ತಿದ್ದೆ. ಅವರು ತಿರುಗಿ ನೋಡದೆ, ತೀರಾ ಮಾಮೂಲಿ ದನಿಯಲ್ಲಿ, "ಲಿಂಡ್ಸೆ, ಬಂದು ಕೂಸನ್ನ ತಗೋ" ಅಂದರು. ಅಷ್ಟೇ. ನನ್ನನ್ನು ಅವರು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಹೋಗಿ ಎತ್ತಿಕೊಂಡೆ. ಅವರು ಗೋಡೆಗೆ ಒರಗಿ ಹಾಗೇ ಮೆಟ್ಟಿಲ ಮೇಲೆ ಕೂತರು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎರಡು ನಿಮಿಷ ಕಳೆದ ಮೇಲೆ, "ಗಣಿಯ ಧೂಳು, ಇನ್ನೂ ಬಾಡಿಗೆ ಕೊಡದೇ ಒಳಗೆ ಕೂತಿದೆ" ಅಂದು ಎದ್ದು ಹೋದರು. ತರಕಾರಿ ಮಡಿಗೆ ಹೋಗುವ ಏರಿನಲ್ಲಿ ಕೈಗಾಡಿ ನಿಲ್ಲಿಸಿ ಎರಡು ಸಲ ಕೂರುತ್ತಾರೆ ಅಂತ ಪಕ್ಕದ ಮಡಿಯವರು ಹೇಳಿದರು. ಸ್ವಲ್ಪ ದಿನದಿಂದ ಹೀಗೇ ಅಂತೆ.

ನಿನ್ನೆ ನಮ್ಮ ಬಡಾವಣೆಯ ಡಾಕ್ಟರ ಷಾಪಿಗೆ ಫೋನ್ ಮಾಡಿದೆ. ಸುಸ್ತು, ಏದುಸಿರು ಅಂದೆ. ಹೃದಯದ ಬಡಿತದ ದಾಖಲೆ ಇದೆ ಅನ್ನುವುದು ನಾಲಗೆಯ ತುದಿಗೆ ಬಂದು ನಿಂತಿತು, ಹೇಳಲಿಲ್ಲ. ವಯಸ್ಸು ಅರವತ್ತಮೂರು, ಹಳೆಯ ಗಣಿ ಕೆಲಸಗಾರ, ಇದು ಅವರಿಗೆ ದಿನಾ ಬರುವ ಕರೆ. ಏಪ್ರಿಲ್ ಹದಿನೇಳಕ್ಕೆ ಬನ್ನಿ ಅಂದರು. ಇಂಥ ಲಯಗೆಟ್ಟ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ತಲೆಗೆ ಏರಬಹುದು ಅಂತ ನೀನು ಹೇಳಬೇಕಾಗಿಲ್ಲ, ನಾನೂ ನಿನ್ನ ಜೊತೆಗೇ ಪರೀಕ್ಷೆ ಬರೆದವಳು. ಏಪ್ರಿಲ್ ಹದಿನೇಳರವರೆಗೆ ನಾನು ಎರಡೆರಡು ಮನೆಯ ಉಸಿರು ಕೇಳಿಸಿಕೊಳ್ಳುತ್ತಾ ಇರಬೇಕೇ?

ಇವತ್ತು ತಿಂಡಿಯ ಹೊತ್ತಿಗೆ ಜೋಯಲ್‌ಗೆ ಹೇಳಿಬಿಟ್ಟೆ, ನೆರಿಸ್‌ಗೆ ಎಲ್ಲಾ ಬರೀತೀನಿ ಅಂತ. ಅವನು ಬೆಣ್ಣೆ ಹಚ್ಚುತ್ತಿದ್ದ ಚಾಕು ಕೆಳಗಿಟ್ಟ. "ಅಪ್ಪನಿಗೆ ಮಾತು ಕೊಟ್ಟಿದೀವಿ" ಅಂದ. ನಾನು ಕೊಟ್ಟಿಲ್ಲ ಅಂದೆ. "ನನ್ನ ತಂಡದಿಂದ ತೆಗೀತಾರೆ ಲಿಂಡ್ಸೆ. ತಪ್ಪು ದಾಖಲೆ ಕೊಟ್ಟಿದ್ದಕ್ಕೆ ಒಪ್ಪಂದಾನೇ ಹರೀಬಹುದು. ಆಮೇಲೆ ನಾನೇನು ಮಾಡ್ಲಿ, ಅಪ್ಪನ ಜೊತೆ ಮೂಲಂಗಿ ಕೀಳ್ಲಾ?" ಅಂದ. ಮೂಲಂಗಿ ಕೀಳೋಕಾದ್ರೂ ಅಪ್ಪ ಇರ್ಬೇಕಲ್ಲ ಅಂದೆ. ಅಂದ ಕೂಡಲೇ ನಾಲಗೆ ಕಚ್ಚಿಕೊಂಡೆ. ಅವನು ಎದ್ದು ಎಡಿಗೆ ಟೋಪಿ ಹಾಕಿದ, ಗಾಡಿಯಲ್ಲಿ ಮಲಗಿಸಿದ. "ಅಪ್ಪ ಇವತ್ತು ಈರುಳ್ಳಿ ಸಸಿ ನೆಡ್ತೀನಿ ಅಂತಿದ್ರು. ಅಗಿಯೋ ಕೆಲ್ಸ ನಾನೇ ಮಾಡ್ತೀನಿ, ಅವ್ರು ಕೂತು ಬೈತಾ ಇರ್ಲಿ" ಅಂದ. ಬರಿ ಅನ್ನಲಿಲ್ಲ, ಬರೀಬೇಡ ಅಂತಲೂ ಅನ್ನಲಿಲ್ಲ. ಕಾರಿನ ಕೀಲಿಯನ್ನು ಮಾತ್ರ ನನ್ನ ತಟ್ಟೆಯ ಪಕ್ಕ ಇಟ್ಟು ಹೋದ.

ಈಗ ನಾನು ಕೇಳುವುದು. ಜನವರಿ ಎಂಟರಿಂದ ಜೋಯಲ್ ಹೆಸರಿನಲ್ಲಿ ನಿಮ್ಮ ಕಂಪ್ಯೂಟರಿನಲ್ಲಿರುವ ರಾತ್ರಿಗಳೆಲ್ಲ ಡೆರಿಕ್ ಅವರವು. ಅವನ್ನು ಅವರ ಹೆಸರಿಗೆ ಬದಲಾಯಿಸಿ ಡಾಕ್ಟರಿಗೆ ಕೊಡು. ನಮ್ಮ ಡಾಕ್ಟರ ಷಾಪಿನ ಹುಡುಗಿಗೆ ನನ್ನ ಮಾತು ಬರೀ ಏದುಸಿರಿನ ಮಾತು, ಆದರೆ ಕ್ಲಬ್ಬಿನ ಡಾಕ್ಟರು ಆ ಚಿತ್ರಗಳನ್ನು ಹಿಡಿದು ಆಸ್ಪತ್ರೆಗೆ ಫೋನ್ ಮಾಡಿದರೆ ಇವತ್ತೇ ಹಾಸಿಗೆ ಸಿಗುತ್ತದೆ. ನಾಳೆಯ ಸ್ಕ್ಯಾನ್ ಸಮಯ ಹೇಗೂ ಗೊತ್ತು ಮಾಡಿ ಆಗಿದೆಯಲ್ಲ, ಆ ಮೇಜಿನ ಮೇಲೆ ಮಲಗಬೇಕಾದವರು ಮಲಗಲಿ. ಮಾವನನ್ನು ಒಪ್ಪಿಸುವುದು ನನಗೆ ಬಿಡು. ಗುಟ್ಟು ಹೊರಬಿತ್ತು ಅಂತ ಗೊತ್ತಾದರೆ ಅವರು ಹಟ ಮಾಡುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ರಸ್‌ಗೆ ನೀನೇ ಹೇಳು, ನಾಳೆಯ ತನಕ ಕಾಯಬೇಡ. ನಿನ್ನ ಲ್ಯಾಪ್‌ಟಾಪ್ ಇದ್ದಲ್ಲೇ ಇರಲಿ. ಜೋಯಲ್‌ಗೆ ಏನು ಶಿಕ್ಷೆ ಕೊಡುತ್ತಾರೋ ಕೊಡಲಿ. ಅವನಿಗೆ ಒಂದಿಷ್ಟು ದಯೆ ತೋರಿಸಿ ಅಂತ ಬರೆಯಬೇಕೆಂದು ಕೈ ಎಳೆಯುತ್ತಿದೆ, ಬರೆಯುವುದಿಲ್ಲ. ನೀನು ನನ್ನ ಗೆಳತಿ ಅಂತ ಅವನಿಗೆ ಅನುಕೂಲವಾಗುವುದೂ ಬೇಡ. ಇಷ್ಟು ಮಾತ್ರ ತಿಳಿಸು: ಮೈದಾನದಲ್ಲಿ ಬೆನ್ನಿನ ಡಬ್ಬಿ ಎಣಿಸಿದ್ದು ಪ್ರತಿಯೊಂದೂ ಅವನದೇ.

ಪತ್ರವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದುವವರೆಗೆ ಗೇಟಿನ ಎದುರು ಕಾರಿನಲ್ಲಿ ಕೂತಿರುತ್ತೇನೆ. ಹೊರಗೆ ಬಂದು ಬೈದರೆ ಬೈಸಿಕೊಳ್ಳುತ್ತೇನೆ, ಬರದೇ ನೆಟ್ಟಗೆ ಡಾಕ್ಟರ ಹತ್ತಿರ ಹೋದರೆ ಇನ್ನೂ ಒಳ್ಳೆಯದು.

ನಿನ್ನ ಹಳೆಯ ಸಹಪಾಠಿ, ಎಡಿಯ ಅಮ್ಮ,
ಲಿಂಡ್ಸೆ

ಮರೆತು ಬಿಟ್ಟದ್ದಲ್ಲ, ಸಹಿಯ ಮೇಲೆ ಬರೆಯಲು ಧೈರ್ಯ ಬಾರದ್ದು: ಶನಿವಾರದವರೆಗೂ ಯಾರಿಗೂ ಅನುಮಾನವಿರಲಿಲ್ಲ ಅಂತ ಮೇಲೆ ಬರೆದಿದ್ದೇನೆ. ಜೋಯಲ್‌ಗೆ ಇರಲಿಲ್ಲ, ಮಾವನಿಗೆ ಇರಲಿಲ್ಲ. ಮಾರ್ಚ್ 4, 5, 6ರ ರಾತ್ರಿಗಳನ್ನು ತೆಗೆದು ನೋಡು. 'ಪಟ್ಟಿ ಧರಿಸಿಲ್ಲ' ಅಂತ ಇರುತ್ತದೆ. ಧರಿಸಿದ್ದರು. ದಿನಾ ಮೂವತ್ತರ ಆಸುಪಾಸಿನಲ್ಲಿರುತ್ತಿದ್ದ ಬಡಿತದ ಅಂತರದ ಅಂಕ 4ನೇ ತಾರೀಖು ನೂರಾ ಮೂವತ್ತೊಂದು ಬಂತು. ಅರವತ್ತಮೂರರ ಎದೆಗೆ ಅದು ಬರುವ ಅಂಕವಲ್ಲ ಅಂತ ನನಗೆ ಆ ಗಳಿಗೆಯಲ್ಲೇ ತಿಳಿಯಿತು. ನೀನು ನೋಡಿದರೆ ಹಿಡಿಯುತ್ತೀಯ ಅಂತಲೂ ತಿಳಿಯಿತು. ಮೂರು ರಾತ್ರಿಯನ್ನೂ ಅಳಿಸಿದೆ. ಆಮೇಲೆ ಎರಡು ದಿನ ಮಾಮೂಲಿಗೆ ಬಂತು, ಪಟ್ಟಿ ಸಡಿಲವಾಗಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಮತ್ತೆ ಏರಿದಾಗ ಕಣ್ಣು ಮುಚ್ಚಿ ಕಳಿಸಿದೆ, ಹಸಿರಾಗಿತ್ತಲ್ಲ. ಅಳಿಸುವ ಮೊದಲು ಆ ಮೂರು ರಾತ್ರಿಯ ಅಂಕಗಳನ್ನು ಎಡಿ ಹಾಲು ಕುಡಿದ ಹೊತ್ತು ಬರೆದಿಡುವ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದೆ, ಯಾಕೆ ಬರೆದುಕೊಂಡೆ ಅಂತ ಆಗ ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ. ಆ ಹಾಳೆ ಹರಿದು ಇದರೊಳಗೆ ಇಟ್ಟಿದ್ದೇನೆ. ಯಾವಾಗ ಶುರುವಾಯಿತು ಅಂತ ಆಸ್ಪತ್ರೆಯಲ್ಲಿ ಕೇಳಿಯೇ ಕೇಳುತ್ತಾರೆ. ಮಾವ ಗೊತ್ತಿಲ್ಲ ಅನ್ನುತ್ತಾರೆ, ಜೋಯಲ್ ಶನಿವಾರ ಅನ್ನುತ್ತಾನೆ. ನೀನು ಮಾರ್ಚ್ ನಾಲ್ಕು ಅಂತ ಹೇಳು. ಸೊಸೆ ನೋಡಿದ್ದಳು ಅಂತಲೂ ಹೇಳು.